ಹಳೇ ಡಿ-80 ಡೋಜರಿನ ಚೈನು ಹೊಲದಲ್ಲೇ ಬದಲಿಸಿದ್ದು: ನನ್ನ ಅನುಭವ

ಡೋಜರಿನ ಚೈನನ್ನು ಹೊಲದಲ್ಲಿ ಬದಲಿಸೋಕೆ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಟ್ರೈಲರ್ ಮೇಲೆ ಹಾಕಿ ಹೊಸಪೇಟೆಗೆ ಒಯ್ಯಿ, ಪಿನ್ ಒತ್ತಿ ತೆಗೆಯೋ ಪ್ರೆಸ್ ಇರೋರ ಹತ್ತಿರ ಮಾಡಿಸು ಅಂದರು. ಈಗ ಎರಡೂ ಕಡೆ ಹೊಸ ಚೈನು ಕೂತಿದೆ, ಒಂದು ಬೇಸಿಗೆ ಪೂರ್ತಿ ಕೆಲಸವೂ ಮಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಬಿಇಎಂಎಲ್ ಡಿ-80. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿತಲ್ವಾ, ಆಗ ನಿಂತ ಗಾಡಿಗಳಲ್ಲಿ ಇದೂ ಒಂದು. ಸಂಡೂರು ಕಡೆ ಬೇಲಿ ಪಕ್ಕ ಬಿದ್ದಿತ್ತು. ಹೆಚ್ಚುಕಮ್ಮಿ ಗುಜರಿ ರೇಟಿಗೇ ಸಿಕ್ಕಿತು. ಎಂಜಿನ್ ಚೆನ್ನಾಗಿತ್ತು. ಚೈನು ಮಾತ್ರ ಮುಗಿದಿತ್ತು. ನಾಲ್ಕು ಲಿಂಕಿಗೆ 864 ಮಿಲಿಮೀಟರ್ ಇರಬೇಕಾದ ಜಾಗದಲ್ಲಿ ಟೇಪು 880 ದಾಟುತ್ತಿತ್ತು. ಅದಿರಿನ ಧೂಳು ಒಳಗೆ ಹೊಕ್ಕರೆ ಪಿನ್ನಿನ ಸುತ್ತ ಇರೋ ಕೊಳವೆ, ಅಂದರೆ ಬುಷ್ಷು, ಸವೆದು ಚೈನು ಉದ್ದ ಆಗುತ್ತೆ. ಸವೆಯದ ಮಗ್ಗುಲು ಬರೋ ಹಾಗೆ ಬುಷ್ಷು ತಿರುಗಿಸಿ ಹಾಕಿಸೋ ಹಂತವೂ ದಾಟಿತ್ತು.

ಲೋಕಲ್ ಕಂಪನಿಯ ಚೈನು, ಜೋಡಿಗೆ ಮೂರು ಲಕ್ಷದ ಮೇಲೆ ಸ್ವಲ್ಪ ಬಿತ್ತು. ಅದು ಹೇಗಿದ್ದರೂ ಕೊಡಲೇಬೇಕಾದ ದುಡ್ಡು. ಹೊಟ್ಟೆ ಉರಿದದ್ದು ಸಾಗಾಟ, ಕೂಲಿ, ಪ್ರೆಸ್ ಬಾಡಿಗೆ ಅಂತ ಅರವತ್ತು ಎಪ್ಪತ್ತು ಸಾವಿರ ಕೇಳಿದ್ದಕ್ಕೆ.

ಎಲ್ಲಾ ಕಷ್ಟ ಇರೋದು ಮಾಸ್ಟರ್ ಪಿನ್ನಲ್ಲಿ, ಅಂದರೆ ಚೈನಿನ ಎರಡು ತುದಿ ಸೇರಿಸೋ ಪಿನ್ನಲ್ಲಿ. "ಹಳೇದನ್ನ ಗ್ಯಾಸ್ ಹಾಕಿ ಕಡಿದು ಒಗಿಯಪಾ" ಅಂದರು ಪರಿಚಯದ ಮೇಸ್ತ್ರಿ ಒಬ್ಬರು. ಕಡಿಯಬಹುದು ಸರಿ. ಹೊಸ ಚೈನಿನ ಪಿನ್ ಒಳಗೆ ಹೇಗೆ ಕೂರಿಸ್ತೀರಿ? ದೊಡ್ಡ ಸುತ್ತಿಗೆಯಲ್ಲಿ ಹೊಡೆದರೆ ಪಿನ್ನಿನ ತಲೆ ಅರಳುತ್ತೆ, ಆಮೇಲೆ ಅದು ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಅದೂ ಅಲ್ಲದೆ ಲಿಂಕು ಕಡಿಯದ ಹಳೇ ಚೈನಿಗೆ ಗಿರಾಕಿ ಇದ್ದಾರೆ. ನನ್ನದು ಗುಜರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟಿಗೆ ಹೋಯಿತು.

ಹಾಗಾಗಿ ಪ್ರೆಸ್ಸನ್ನೇ ಗಾಡಿ ಹತ್ತಿರ ತರೋಣ ಅಂತ ನಿರ್ಧಾರ ಮಾಡಿದೆ. ಮೊದಲು ಸಾದಾ ಚಾನೆಲ್‌ನಲ್ಲಿ ಸಿ ಆಕಾರದ ಫ್ರೇಮು ವೆಲ್ಡ್ ಮಾಡಿಸಿ 50 ಟನ್ ಜಾಕ್ ಇಟ್ಟೆವು. ಪಿನ್ ಅಲುಗಲಿಲ್ಲ, ಫ್ರೇಮಿನ ಬಾಯಿ ಬೆರಳು ತೂರುವಷ್ಟು ತೆರೆದುಕೊಂಡಿತು. ಆಮೇಲೆ ಅದಕ್ಕೇ ಪಟ್ಟಿ ಹೊಡೆದು ಗಟ್ಟಿ ಮಾಡಿದೆವು. ಈ ಸಲ ವೆಲ್ಡೇ ಬಿಟ್ಟಿತು. ಅಷ್ಟರಲ್ಲಿ ಹನ್ನೆರಡು ಸಾವಿರ ನೀರಿಗೆ ಹೋಗಿತ್ತು. ಕೊನೆಗೆ ಸಿ ಆಕಾರವನ್ನೇ ಬಿಟ್ಟೆ. 40 ಮಿಲಿಮೀಟರ್ ದಪ್ಪದ ಎರಡು ಪ್ಲೇಟು ಗುಜರಿಯಲ್ಲಿ ಆರಿಸಿದೆ. ಒಂದು ಲಿಂಕಿನ ಹೊರಗೆ, ಇನ್ನೊಂದು ಒಳಗೆ, ನಡುವೆ ನಾಲ್ಕು ಟೈ ರಾಡು. ಎಳೆತ ನಾಲ್ಕೂ ಕಡೆ ಸಮ ಬಿದ್ದರೆ ಫ್ರೇಮು ಬಾಗೋ ಮಾತೇ ಇಲ್ಲ. ಸೆಕೆಂಡ್ ಹ್ಯಾಂಡ್ 100 ಟನ್ ಜಾಕ್ ಸೇರಿ ನಲವತ್ತು ಸಾವಿರದೊಳಗೆ ಆಯಿತು.

ಮೊದಲು ಚೈನು ಸಡಿಲಿಸಬೇಕು. ಅದನ್ನು ಬಿಗಿ ಹಿಡಿದಿರೋ ಸಿಲಿಂಡರಿನಿಂದ ಗ್ರೀಸು ಬಿಡುವಾಗ ವಾಲ್ವನ್ನು ಒಂದು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಮುಖವನ್ನಂತೂ ಎದುರಿಗೆ ತರಲೇಬೇಡಿ. ಮಾಸ್ಟರ್ ಪಿನ್ನನ್ನು ಐಡ್ಲರ್ (ಚೈನಿನ ಮುಂದಿನ ತುದಿಯ ಗಾಲಿ) ಮುಂದೆ ಎದೆ ಮಟ್ಟಕ್ಕೆ ತಂದು ನಿಲ್ಲಿಸಿದೆವು, ಅಲ್ಲಿನ ಶೂ (ನೆಲ ತುಳಿಯೋ ಪ್ಲೇಟು) ಬಿಚ್ಚಿದೆವು. ಬ್ಲೇಡಿನ ಆರ್ಮ್ ಅಡ್ಡ ಬರುತ್ತೆ, ಅದನ್ನು ಮೊದಲೇ ಕಳಚಿಟ್ಟಿದ್ದೆ. ಹಿಂದಿನ ದಿನವೇ ಪಿನ್ನಿಗೆ ಡೀಸೆಲ್ ಕುಡಿಸಿ ಬಿಟ್ಟಿದ್ದೆವು. ಜಾಕ್ ಪೂರ್ತಿ ಒತ್ತಡದಲ್ಲಿ ಇದ್ದಾಗ ಲಿಂಕಿನ ಕಣ್ಣಿಗೆ ಸುತ್ತಲೂ ಗ್ಯಾಸಿನ ಶಾಖ ಕೊಟ್ಟೆ. ಕೆಂಪಗೆ ಮಾಡಬಾರದು, ಲಿಂಕಿನ ಗಟ್ಟಿತನ ಹೋಗುತ್ತೆ. ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು, ಅಷ್ಟು ಸಾಕು. ಗುಂಡು ಹೊಡೆದ ಹಾಗೆ ಒಂದು ಸದ್ದು ಬಂತು, ಪಿನ್ ಅರ್ಧ ಇಂಚು ಸರಿದಿತ್ತು. ಆಮೇಲೆ ಬಿಡುವಿಲ್ಲದೆ ಬಂತು. ಹೊಸ ಪಿನ್ ಕೂರಿಸುವಾಗ ಅದಕ್ಕೆ ಏನು ಹಚ್ಚಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ನನ್ನ ಹತ್ತಿರವೇ ಇರಲಿ. ಗ್ರೀಸಂತೂ ಅಲ್ಲ.

ಚೈನು ಮೇಲೆಳೆಯೋ ಉಪಾಯ ಕೊಟ್ಟವರು ಸೈನ್ಯದಲ್ಲಿ ಟಿ-55 ಟ್ಯಾಂಕ್ ಓಡಿಸಿ ನಿವೃತ್ತರಾದ ನಮ್ಮ ಊರಿನ ಹಿರಿಯರು. ಟ್ಯಾಂಕಿನಲ್ಲಿ ಚೈನಿನ ತುದಿಗೆ ಹಗ್ಗ ಕಟ್ಟಿ, ಚೈನು ಎಳೆಯೋ ಹಲ್ಲಿನ ಗಾಲಿಗೆ, ಅಂದರೆ ಸ್ಪ್ರಾಕೆಟ್ಟಿಗೆ ಸುತ್ತಿ, ಎಂಜಿನ್ನಿನಿಂದಲೇ ಎಳೆಸುತ್ತಾರಂತೆ. ಟಿ-55ನಲ್ಲಿ ಮೇಲೆ ರೋಲರೇ ಇಲ್ಲ, ಚೈನು ಐದು ದೊಡ್ಡ ಗಾಲಿಗಳ ಮೇಲೇ ಜೋತು ಓಡುತ್ತೆ. ಪಿನ್ನೂ ಸುತ್ತಿಗೆ ಏಟಿಗೆ ಬರುತ್ತಂತೆ, ನಮ್ಮದರ ಹಾಗೆ ಬಿಗಿ ಅಲ್ಲ. ನಾವೂ ಹೊಸ ಚೈನನ್ನು ಹಳೇದರ ಸಾಲಿಗೇ ಹಾಸಿ, ಗಾಡಿಯನ್ನು ಮೆಲ್ಲಗೆ ಅದರ ಮೇಲೆ ಓಡಿಸಿ, ತುದಿಗೆ ವೈರ್ ರೋಪ್ ಕಟ್ಟಿ ಚೈನಿನ ಮೇಲ್ಭಾಗ ಹೊರುವ ಕ್ಯಾರಿಯರ್ ರೋಲರ್ ಮೇಲಿಂದ ಎಳೆಸಿದೆವು. ಹಿರಿಯರು ಪಕ್ಕದಲ್ಲೇ ನಿಂತು ಕೈ ಸನ್ನೆ ಮಾಡುತ್ತಿದ್ದರು. ಕ್ರೇನ್ ಬೇಕಾಗಲೇ ಇಲ್ಲ. ಮೊದಲ ಕಡೆಗೆ ಮೂರ್ನಾಲ್ಕು ದಿನ ಹಿಡಿಯಿತು, ಎರಡನೇ ಕಡೆ ಬೆಳಗ್ಗೆ ಶುರು ಮಾಡಿ ಹೊತ್ತು ಮುಳುಗುವಷ್ಟರಲ್ಲಿ ಮುಗಿಸಿದೆವು.

ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ಹಳೇ ಶೂಗಳ ಹಲ್ಲು ಸವೆದಿದ್ದವು. ಲಾರಿಯ ಕಮಾನುಪಟ್ಟಿ ಕತ್ತರಿಸಿ ಕೆಲವಕ್ಕೆ ವೆಲ್ಡ್ ಮಾಡಿ ನೋಡಿದೆ. ಕಲ್ಲು ಹೊಲಕ್ಕೆ ಇಳಿದ ವಾರದಲ್ಲೇ ಪಟಪಟ ಉದುರಿದವು. ಸಾದಾ ಚೌಕ ಬಾರಿಗೆ ಒಣಗಿಸಿದ 7018 ವೆಲ್ಡಿಂಗ್ ರಾಡು ಹಾಕಿದವು ಇನ್ನೂ ಇವೆ, ಆದರೆ ಸವೆತ ಜಾಸ್ತಿ. ಮೇಲೊಂದು ಪದರ ಹಾರ್ಡ್‌ಫೇಸಿಂಗ್ (ಸವೆತ ತಡೆಯೋ ಗಟ್ಟಿ ವೆಲ್ಡಿಂಗ್) ಹೊಡೆದವೇ ಗೆದ್ದವು. ಚೈನಿಗೆ ಹಳೇ ಆಯಿಲ್ ಸುರಿಯೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಧೂಳು ಅಂಟಿಕೊಂಡು ಉಜ್ಜುತ್ತೆ, ಒಣಗಿದ್ದರೇ ಬಾಳಿಕೆ.

ಚೈನು ಮೇಲ್ಗಡೆ ಎಷ್ಟು ಜೋತು ಬೀಳಬೇಕು ಅನ್ನೋದು ನೆಲ ನೋಡಿಯೇ ಹೇಳಬೇಕು. ಸಂಡೂರಿನ ಗಟ್ಟಿ ನೆಲಕ್ಕೆ 25 ಮಿಲಿಮೀಟರ್ ಹತ್ತಿರ ಇಡುತ್ತೇನೆ. ಸಿರುಗುಪ್ಪದ ಎರೆ ಹೊಲದಲ್ಲಿ ಗದ್ದೆ ಮಟ್ಟ ಮಾಡುವಾಗ 40 ಆದರೂ ಬಿಡುತ್ತೇನೆ, ಸ್ಪ್ರಾಕೆಟ್ಟಿನಲ್ಲಿ ಮಣ್ಣು ತುಂಬಿದರೆ ಚೈನು ತಾನೇ ಬಿಗಿಯಾಗುತ್ತೆ. ಶೂ ಬೋಲ್ಟುಗಳನ್ನು ಮೊದಲ ದಿನದ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ನನ್ನ ಗಾಡಿಯಲ್ಲಿ ಆವತ್ತು ಏಳೆಂಟು ಬೋಲ್ಟು ತಿರುಗಿದವು, ಆಮೇಲೆ ಒಂದೂ ಅಲುಗಿಲ್ಲ. ಸ್ಪ್ರಾಕೆಟ್ ಸೆಗ್ಮೆಂಟು ಹಳೇವೇ ಇವೆ, ಹಲ್ಲಿನ ತುದಿ ಚೂಪಾಗುತ್ತಿವೆ, ಹೊಸ ಬುಷ್ಷು ತಿನ್ನೋದಕ್ಕೆ ಮುಂಚೆ ಭತ್ತದ ಕೊಯ್ಲಾದ ಮೇಲೆ ಅವನ್ನೂ ಬದಲಿಸುತ್ತೇನೆ. ಕುರುಗೋಡು ಕಡೆಯ ಇಬ್ಬರು ಮಾಲೀಕರು ಈಗಾಗಲೇ ಫ್ರೇಮು ಬಾಡಿಗೆಗೆ ಕೇಳಿದ್ದಾರೆ. ಫ್ರೇಮೊಂದನ್ನೇ ಕೊಡಲ್ಲ, ಅದರ ಜೊತೆ ನಾನೇ ಬರುತ್ತೇನೆ ಅಂದಿದ್ದೇನೆ.