ರ‍್ಯಾಮ್ ಕೆಟ್ಟಿದೆಯೋ, ಸ್ಲಾಟೋ? ಪತ್ತೆ ಹಚ್ಚುವ ಬಗೆ

ನೀವೇ ಜೋಡಿಸಿದ ಕಂಪ್ಯೂಟರ್‌ನಲ್ಲಿ ಒಂದು ದಿನ ನೀಲಿ ಪರದೆ ಬರುತ್ತದೆ. ಮರುದಿನ ಬ್ರೌಸರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಚೆನ್ನಾಗಿದ್ದ ಜಿಪ್ ಫೈಲೇ ತೆರೆಯುವುದಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲ ಅಲ್ವಾ? ಹೀಗೆ ತಲೆಬುಡವಿಲ್ಲದೆ ತೊಂದರೆ ಬಂದಾಗ ನನಗೆ ಮೊದಲು ಅನುಮಾನ ಬರುವುದು ಮೆಮೊರಿ, ಅಂದರೆ ರ‍್ಯಾಮ್ ಮೇಲೆ. ಈ ಹೊತ್ತಲ್ಲಿ ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಲು ಮಾತ್ರ ಹೋಗಬೇಡಿ. ಮೆಮೊರಿಯಲ್ಲಿ ಕೆಟ್ಟ ಫೈಲ್ ಡಿಸ್ಕಿಗೂ ಕೆಟ್ಟೇ ಹೋಗುತ್ತದೆ.

ಮೊದಲ ಕೆಲಸ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಆಫ್ ಮಾಡುವುದು. ರ‍್ಯಾಮನ್ನು ಹೆಚ್ಚಿನ ವೇಗಕ್ಕೆ ಓಡಿಸುವ ಸೆಟ್ಟಿಂಗ್ ಅದು. ಎಎಂಡಿ ಪ್ರೊಸೆಸರಿನ, ಡಿಡಿಆರ್5 (ಹೊಸ ತಲೆಮಾರಿನ ರ‍್ಯಾಮ್) ಹಾಕುವ ಮದರ್‌ಬೋರ್ಡ್ ಆದರೆ ಎಕ್ಸ್‌ಪೋ ಅಂತ ಇರುತ್ತದೆ. ಹಿಂದಿನ ತಲೆಮಾರಿನ ಡಿಡಿಆರ್4 ಕಿಟ್ (ಒಟ್ಟಿಗೆ ಮಾರುವ ರ‍್ಯಾಮ್ ಸೆಟ್) ಮೇಲೆ 3600 ಎಂದು ಬರೆದಿರುತ್ತಾರಲ್ಲ, ಅದು ಓವರ್‌ಕ್ಲಾಕ್ ವೇಗ, ಅಂದರೆ ಮಾಮೂಲಿಗಿಂತ ಏರಿಸಿದ ವೇಗ. ಆಫ್ ಮಾಡಿದರೆ ಸಾಮಾನ್ಯವಾಗಿ 2133ರಿಂದ 2666ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟಕ್ಕೇ ಕಾಟ ನಿಂತರೆ ರ‍್ಯಾಮ್ ಸತ್ತಿಲ್ಲ, ಆ ವೇಗ ತಡೆಯುತ್ತಿಲ್ಲ ಅಷ್ಟೇ. 3200ಕ್ಕೆ ಇಟ್ಟು ನೋಡಿ. ರ‍್ಯಾಮ್ ಕೂರಿಸುವ ನಾಲ್ಕೂ ಸ್ಲಾಟ್ ತುಂಬಿಸಿದವರಿಗೆ, ಬೇರೆ ಬೇರೆ ಕಿಟ್ ಬೆರೆಸಿದವರಿಗೆ ಈ ಗೋಳು ಜಾಸ್ತಿ.

ಆಮೇಲೆ ಪರೀಕ್ಷೆ. ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ವಿಂಡೋಸ್‌ನಲ್ಲೇ ಇರುವ ಪರೀಕ್ಷೆಯಲ್ಲಿ ಪಾಸಾಯಿತು ಅಂದರೆ ನಾನು ನಂಬುವುದಿಲ್ಲ. ಒಂದೇ ಒಂದು ಎರರ್ ಬಂದರೂ ಫೇಲ್. ‘ಒಂದು ತಾನೇ, ಇರಲಿ ಬಿಡು’ ಅನ್ನುವ ಹಾಗಿಲ್ಲ.

ಎರರ್ ಬಂತಾ? ಪವರ್ ಕೇಬಲ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಕೇಸಿನ ಲೋಹ ಮುಟ್ಟಿ ಕೈ ಹಾಕಿ. ಒಂದೇ ರ‍್ಯಾಮ್ ಸ್ಟಿಕ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ. ಅದನ್ನು ಎ2 ಸ್ಲಾಟಿಗೆ ಹಾಕಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು. ಟಕ್ ಎಂದು ಲಾಕ್ ಕೂರಬೇಕು. ಒಂದೇ ಕಡೆ ಲಾಕ್ ಇರುವ ಬೋರ್ಡಿನಲ್ಲಿ ಇನ್ನೊಂದು ತುದಿ ಮೇಲೆದ್ದಿದ್ದರೂ ಗೊತ್ತಾಗುವುದಿಲ್ಲ, ಬಗ್ಗಿ ನೋಡಿ. ಡಿಡಿಆರ್5 ಆದರೆ ಸ್ಟಿಕ್ ಬದಲಿಸಿದ ಮೇಲೆ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಮೆಮೊರಿ ಟ್ರೈನಿಂಗ್, ಅಂದರೆ ಬೋರ್ಡ್ ರ‍್ಯಾಮಿಗೆ ಹೊಂದಿಕೊಳ್ಳುವ ಕೆಲಸ ನಡೆಯುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ಹೀಗೆ ಪ್ರತಿ ಸ್ಟಿಕ್ಕನ್ನೂ ಅದೇ ಸ್ಲಾಟಿನಲ್ಲಿ ಪರೀಕ್ಷಿಸಿ. ಆಮೇಲೆ ಪಾಸಾದ ಸ್ಟಿಕ್ಕನ್ನು ಉಳಿದ ಸ್ಲಾಟ್‌ಗಳಲ್ಲಿ ಹಾಕಿ ನೋಡಿ. ಎರರ್ ಸ್ಟಿಕ್ ಹಿಂದೆಯೇ ಹೋದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಅದೇ ಸ್ಲಾಟಿನಲ್ಲಿ ಬಂದರೆ ರ‍್ಯಾಮ್ ಬೈದು ಉಪಯೋಗವಿಲ್ಲ. ಗೆಳೆಯನ ಕಂಪ್ಯೂಟರಿನಲ್ಲಿ ಬಿ2 ಸ್ಲಾಟ್ ಹೀಗೇ ಕಾಡುತ್ತಿತ್ತು. ಬೋರ್ಡ್ ಹೋಯಿತು ಅಂತ ಅವನು ಹೊಸದು ಹುಡುಕುತ್ತಿದ್ದ. ನೋಡಿದರೆ ಪ್ರೊಸೆಸರ್ ಮೇಲಿನ ಕೂಲರ್‌ನ ಒಂದು ಮೂಲೆಯ ಸ್ಕ್ರೂ ಉಳಿದವಕ್ಕಿಂತ ತುಂಬಾ ಬಿಗಿ. ಎಲ್ಲ ಸಡಿಲಿಸಿ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ ಬಿ2 ಸರಿಹೋಯಿತು. ಮೆಮೊರಿಯ ತಂತಿಗಳು ಪ್ರೊಸೆಸರ್‌ಗೇ ಬಂದು ಸೇರುತ್ತವೆ. ಒತ್ತಡ ಒಂದೇ ಕಡೆಗಾದರೆ ಸಾಕೆಟ್ಟಿನ ಪಿನ್‌ಗಳು ಸರಿಯಾಗಿ ತಾಗುವುದಿಲ್ಲ. ಸಾಕೆಟ್ ಒಳಗೆ ಬಗ್ಗಿದ ಪಿನ್ ಇದೆಯಾ ಅಂತಲೂ ಟಾರ್ಚ್ ಹಿಡಿದು ನೋಡಿ.

ಸ್ಟಿಕ್ಕೇ ಕೆಟ್ಟಿದ್ದರೆ ವಾರಂಟಿಗೆ ಕಳಿಸಿ. ಎರರ್ ಪರದೆಯ ಫೋಟೋ ಜೊತೆಗಿರಲಿ. ಜೋಡಿಯಾಗಿ ಕೊಂಡಿದ್ದರೆ ಎರಡನ್ನೂ ಒಟ್ಟಿಗೇ ಕೊಟ್ಟು ಬದಲಾಯಿಸಿಕೊಳ್ಳಿ.