ಯಮಹಾ ಆರ್‌ಎಕ್ಸ್ 100ಗೆ ಹೊಸ ಬೋರ್: ಬ್ಲಾಕ್ ಕೂರಿಸುವುದು ಹೇಗೆ?

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಗಾಡಿ ತಳ್ಳಿಕೊಂಡು ಬಂದ. "ಅಣ್ಣಾ, ಬೋರ್ ಮಾಡಿಸಿ ಇನ್ನೂ ನೂರು ಕಿಲೋಮೀಟರ್ ಆಗಿಲ್ಲ. ಶಿರಾ ರೋಡಲ್ಲಿ ಹೋಗ್ತಿದ್ದಂಗೇ ಹಿಂದಿನ ಚಕ್ರ ಲಾಕ್ ಆಯ್ತು" ಅಂದ. ಬೋರ್ ಮಾಡಿಸುವುದು ಅಂದರೆ ಬ್ಲಾಕ್‌ನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ, ಸವೆದ ಒಳಗೋಡೆಯನ್ನು ಕೊರೆಸಿ ಕೊಂಚ ದೊಡ್ಡ ಪಿಸ್ಟನ್ ಹಾಕುವುದು. ಇಬ್ಬರೂ ಸೇರಿ ಬ್ಲಾಕ್ ಬಿಚ್ಚಿದೆವು. ಪಿಸ್ಟನ್ ಮೈಯೆಲ್ಲ ಗೀರು. ಪಿಸ್ಟನ್ ಸುತ್ತ ಕೂರುವ ಎರಡು ರಿಂಗ್‌ಗಳಲ್ಲಿ ಮೇಲಿನದು ತುಂಡಾಗಿತ್ತು. ಪೋರ್ಟ್‌ಗಳ, ಅಂದರೆ ಬ್ಲಾಕ್ ಗೋಡೆಯ ಕಿಟಕಿಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿತ್ತು. ಮೂಲೆಯಲ್ಲಿ ಹೋನಿಂಗ್ ಪುಡಿ (ಬೋರ್ ಆದ ಮೇಲೆ ಗೋಡೆಯನ್ನು ಕಲ್ಲಿನಿಂದ ಉಜ್ಜಿದಾಗ ಬರುವ ಪುಡಿ) ಹಾಗೇ ಕೂತಿತ್ತು. ಪಿಸ್ಟನ್ ಒಳ್ಳೆಯದೇ. ಬೋರಿಂಗ್ ಅಳತೆಯೂ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಅದಾದ ಮೇಲಿನ ಅರ್ಧ ದಿನದ ಕೆಲಸ.

ತುಮಕೂರಿನ ಸುತ್ತ ಇಂಥ ಗಾಡಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಅಂದರೆ ಈಗ ಓಡುತ್ತಿರುವ ಎಲ್ಲ ಗಾಡಿಗಳೂ ಹಳೆಯವೇ. ಹಾಲಿನ ಕ್ಯಾನ್ ಹೊತ್ತು ಡೈರಿಗೆ ಹೋಗುವ ಗಾಡಿ ಇರಲಿ, ಭಾನುವಾರ ಮಾತ್ರ ಹೊರಗೆ ತೆಗೆಯುವ ಗಾಡಿ ಇರಲಿ, ಒಂದಲ್ಲ ಒಂದು ದಿನ ಬೋರ್ ಕೇಳೇ ಕೇಳುತ್ತದೆ. ಕೊರೆಯುವುದು ಲೇತ್ ಅಂಗಡಿಯವರ ಕೆಲಸ. ಉಳಿದದ್ದನ್ನು ಮನೆಯಲ್ಲೇ, ಸಮಾಧಾನದಿಂದ ಮಾಡಬಹುದು.

ಮೊದಲು ಪಿಸ್ಟನ್, ಆಮೇಲೆ ಲೇತ್

ಇಲ್ಲೇ ಅರ್ಧ ಜನ ಎಡವುತ್ತಾರೆ. ಬ್ಲಾಕ್ ಕೊಟ್ಟು "0.50 ಮಾಡಿಬಿಡಿ" (ಮೂಲ ಅಳತೆಗಿಂತ 0.50 ಮಿ.ಮೀ. ದೊಡ್ಡದು) ಅಂತ ಹೇಳಿ ಬರುತ್ತಾರೆ. ಪಿಸ್ಟನ್ ಆಮೇಲೆ ತರುತ್ತಾರೆ. ಹಾಗೆ ಮಾಡಬೇಡಿ. ಡಬ್ಬಿಯ ಮೇಲೆ 0.50 ಅಂತ ಬರೆದಿದ್ದರೂ ಪಿಸ್ಟನ್‌ನಿಂದ ಪಿಸ್ಟನ್‌ಗೆ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಆ ಕೂದಲೆಳೆಯೇ ಎಲ್ಲ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಲೇತ್ ಅಂಗಡಿಗೆ ಹೋಗಿ. ಆ ಪಿಸ್ಟನ್ ಅಳೆದು, ಅದಕ್ಕೆ ತಕ್ಕ ಗ್ಯಾಪ್ ಬಿಟ್ಟು ಬೋರ್ ಮಾಡಲಿ. ಅಂತರಸನಹಳ್ಳಿ ಕಡೆಯ ಅಂಗಡಿಯೇ ಆಗಲಿ, ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯದೇ ಆಗಲಿ, ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ, ಮೂರು ಕಡೆ ಅಳೆಯುವವರ ಹತ್ತಿರವೇ ಹೋಗಿ. ಪಿಸ್ಟನ್ ಒಳಗೆ ಬಿಟ್ಟು ಕೈಯಲ್ಲೇ ಅಂದಾಜು ನೋಡಿ "ಕರೆಕ್ಟಾಗಿದೆ" ಅನ್ನುವವರ ಹತ್ತಿರ ಬ್ಲಾಕ್ ಕೊಡಬೇಡಿ.

ಪಿಸ್ಟನ್‌ನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಹೆಸರಿಲ್ಲದ ಡಬ್ಬಿಯಲ್ಲಿ ಬ್ಲಾಕ್, ಪಿಸ್ಟನ್ ಎಲ್ಲ ಸೇರಿ ಬರುವ ಪೂರ್ತಿ ಕಿಟ್ ನೋಡಲು ಫಳಫಳ ಹೊಳೆಯುತ್ತದೆ. ಅದರ ರಿಂಗ್ ಮೆತ್ತಗಿರುತ್ತದೆ, ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಲಾಕ್ ಸಡಿಲ ಇರುತ್ತದೆ. ಹಳೆಯ ಬ್ಲಾಕ್‌ನಲ್ಲಿ ಇನ್ನೂ ದಪ್ಪ ಇದ್ದರೆ ಅದನ್ನೇ ಬೋರ್ ಮಾಡಿಸಿ. ಕಂಪನಿಯ ಹಳೇ ಬ್ಲಾಕ್‌ನ ಎರಕಕ್ಕೆ ಈ ಕಿಟ್‌ಗಳು ಸಮ ಬರುವುದಿಲ್ಲ.

ಇನ್ನೊಂದು ಮಾತು. ಬೋರ್ ಮಾಡಿಸಿದರೆ ಪವರ್ ಜಾಸ್ತಿ ಆಗುತ್ತೆ ಅಂತ ತುಂಬಾ ಹುಡುಗರು ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಬೋರ್ (ಒಳಗಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ., ಒಟ್ಟು 98 ಸಿಸಿ. ಕೊನೆಯ ಓವರ್‌ಸೈಜ್ 1.00 ಹಾಕಿ 51 ಮಿ.ಮೀ. ಮಾಡಿದರೂ 102 ಸಿಸಿ ಅಷ್ಟೇ. ಬೋರ್ ಮಾಡಿಸುವುದು ಕಳೆದುಹೋದ ಕಂಪ್ರೆಷನ್ ವಾಪಸ್ ತರುವುದಕ್ಕೆ. ಅದಕ್ಕೇ 0.25ರಿಂದ ಶುರು ಮಾಡಿ. ಗೀರು ಹೋಗುವಷ್ಟು ಮಾತ್ರ ತೆಗೆಸಿ, ಮುಂದಿನ ಸಲಕ್ಕೆ ಉಳಿಸಿ.

ಪೋರ್ಟ್ ಎತ್ತಿಸುವ ಆಸೆ

ಬ್ಲಾಕ್ ಕೈಗೆ ಬಂದ ಮೇಲೆ ಸೈಲೆನ್ಸರ್ ಪೋರ್ಟಿನ ಮೇಲಂಚನ್ನು ಉಜ್ಜಿ ಎತ್ತರ ಮಾಡುವ ಚಟ ಕೆಲವರಿಗಿದೆ. ಎತ್ತರ ಮಾಡಿದರೆ ಮೇಲಿನ ಆರ್‌ಪಿಎಂನಲ್ಲಿ ಗಾಡಿ ಹಾರುತ್ತದೆ, ನಿಜ. ಆದರೆ ಕೆಳಗಿನ ಎಳೆತ ಸತ್ತೇ ಹೋಗುತ್ತದೆ. ತೋಟದ ದಾರಿಯಲ್ಲಿ ಎರಡು ಮೂಟೆ ಇಟ್ಟುಕೊಂಡು ಹೋಗುವವನಿಗೆ ಬೇಕಾಗಿರುವುದೇ ಆ ಎಳೆತ, ಅಲ್ವಾ?

ಈ ತೊಡಕನ್ನು ಬಿಡಿಸಲೆಂದೇ ಯಮಹಾ ದೊಡ್ಡ ಗಾಡಿಗಳಿಗೆ ಪವರ್ ವಾಲ್ವ್ ಮಾಡಿತು. ಸೈಲೆನ್ಸರ್ ಪೋರ್ಟಿನ ಮೇಲೆ ತಿರುಗುವ ಒಂದು ವಾಲ್ವ್. ಎಂಜಿನ್ ನಿಧಾನ ಇದ್ದಾಗ ಅದು ಪೋರ್ಟನ್ನು ತಗ್ಗಿಸುತ್ತದೆ, ಜೋರಾದಾಗ ಎತ್ತರಿಸುತ್ತದೆ. ಹೊರದೇಶಗಳಲ್ಲಿ ಬ್ಯಾನ್‌ಶೀ ಅನ್ನೋ ನಾಲ್ಕು ಚಕ್ರದ ಯಮಹಾ ಕ್ವಾಡ್‌ಗೆ ಈ ಪವರ್ ವಾಲ್ವ್ ಬ್ಲಾಕ್‌ಗಳನ್ನು ಕೂರಿಸುವವರಿದ್ದಾರೆ. ಆ ಕ್ವಾಡ್‌ನ ಎಂಜಿನ್ ಮತ್ತು ಪವರ್ ವಾಲ್ವ್ ಇದ್ದ 350 ರಸ್ತೆ ಬೈಕಿನ ಎಂಜಿನ್ ಒಂದೇ ಮನೆಯವು. ಎರಡಕ್ಕೂ 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, 347 ಸಿಸಿ. ಹಾಗಾಗಿ ಅಲ್ಲಿ ಅದು ಹೊಂದುತ್ತದೆ. ನಮ್ಮ ಆರ್‌ಎಕ್ಸ್‌ಗೆ ಅಂಥ ವಾಲ್ವ್ ಇಲ್ಲ. ಪೋರ್ಟಿನ ಎತ್ತರ ಒಂದೇ, ಅದನ್ನು ಕಂಪನಿಯವರು ಯೋಚಿಸಿಯೇ ಇಟ್ಟಿದ್ದಾರೆ. ಹಾಗೇ ಬಿಡಿ.

ಅಂಚು ಮುರಿಯುವುದು

ಈ ಕೆಲಸ ಲೇತ್‌ನವರು ಮಾಡಿರುತ್ತಾರೆ ಅಂದುಕೊಳ್ಳಬೇಡಿ. ಬಹಳಷ್ಟು ಜನ ಮಾಡಿರುವುದಿಲ್ಲ.

ಎರಡು ಸ್ಟ್ರೋಕ್ ಬ್ಲಾಕ್‌ನ ಗೋಡೆಯಲ್ಲಿ ಕಿಟಕಿಗಳಿವೆ. ರಿಂಗ್ ಪ್ರತಿ ಸುತ್ತಿಗೂ ಆ ಕಿಟಕಿಗಳನ್ನು ದಾಟಬೇಕು. ದಾಟುವಾಗ ರಿಂಗ್ ಒಂದಿಷ್ಟು ಹೊರಕ್ಕೆ ಉಬ್ಬುತ್ತದೆ. ಬೋರ್ ಮಾಡಿದ ಮೇಲೆ ಕಿಟಕಿಯ ಅಂಚು ಚೂಪಾಗಿ ಉಳಿದರೆ ರಿಂಗ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲು ರಿಂಗ್ ಸವೆಯುತ್ತದೆ, ಆಮೇಲೆ ಮುರಿಯುತ್ತದೆ. ನಿಮಿಷಕ್ಕೆ ಏಳು ಸಾವಿರ ಸುತ್ತು ತಿರುಗುವ ಎಂಜಿನ್‌ಗೆ ಅದಕ್ಕೆ ಜಾಸ್ತಿ ಹೊತ್ತು ಬೇಡ.

ಕಿಟಕಿಯೊಳಗೆ ಹೋಗುವಷ್ಟು ಸಣ್ಣದೊಂದು ದುಂಡು ಅರ ಅಥವಾ 400ನೇ ನಂಬರಿನ ಎಮರಿ ಪೇಪರ್ ತಗೊಳ್ಳಿ. ಪ್ರತಿ ಕಿಟಕಿಯ ಮೇಲಂಚು, ಕೆಳಅಂಚನ್ನು ಬೋರಿನ ಒಳಗಿನಿಂದ ಪೋರ್ಟಿನ ಕಡೆಗೆ ಉಜ್ಜಿ. ಒಂದೇ ದಿಕ್ಕು, ಹಿಂದೆ ಮುಂದೆ ಎಳೆಯಬೇಡಿ. ಅಂಚು ದುಂಡಗಾಗಬೇಕೇ ಹೊರತು ಕಿಟಕಿ ದೊಡ್ಡದಾಗಬಾರದು. ಅರ್ಧ ಮಿ.ಮೀ. ಸಾಕು. ಗೋಡೆಗೆ ಅರ ತಾಗಿ ಗೀರು ಬಿದ್ದರೆ ಬೋರಿಂಗ್ ಕೆಲಸವೆಲ್ಲ ಹಾಳು, ಅದಕ್ಕೇ ಆತುರ ಬೇಡ. ನಾನು ಒಂದು ಬ್ಲಾಕ್‌ಗೆ ಒಂದು ಗಂಟೆ ಇಡುತ್ತೇನೆ.

ಸಾಕಾಯಿತೋ ಇಲ್ಲವೋ ತಿಳಿಯಲು ಒಂದು ಚೂರು ಹತ್ತಿ ತಗೊಂಡು ಬೋರಿನ ಒಳಗೆ ಮೇಲಿಂದ ಕೆಳಗೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಚೂಪಿದೆ. ಬೆರಳಿಗೆ ಗೊತ್ತಾಗದ್ದು ಹತ್ತಿಗೆ ಗೊತ್ತಾಗುತ್ತದೆ.

ತೊಳೆಯುವುದು

ಪೆಟ್ರೋಲಿನಲ್ಲಿ ಅದ್ದಿ ತೆಗೆದರೆ ತೊಳೆದ ಹಾಗಲ್ಲ. ಪೆಟ್ರೋಲ್ ಆಯಿಲನ್ನು ಕರಗಿಸುತ್ತದೆ, ಹೋನಿಂಗ್ ಕಲ್ಲಿನ ಪುಡಿಯನ್ನು ಗೀರುಗಳ ಒಳಗೇ ಬಿಟ್ಟುಬಿಡುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಒಂದು ನೈಲಾನ್ ಬ್ರಷ್. ಟ್ರಾನ್ಸ್‌ಫರ್ ದಾರಿಗಳ (ಕೆಳಗಿನಿಂದ ಪೆಟ್ರೋಲ್-ಗಾಳಿ ಮೇಲೆ ಬರುವ ದಾರಿಗಳ) ಒಳಮೂಲೆಗೂ ಬ್ರಷ್ ಹೋಗಬೇಕು. ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬೂದು ಬಣ್ಣ ಬಂದರೆ ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ನಿಲ್ಲಿಸಬೇಡಿ. ಒಣಗಿದ ತಕ್ಷಣ ಟೂಟಿ ಆಯಿಲ್ (ಎರಡು ಸ್ಟ್ರೋಕ್ ಎಂಜಿನ್ ಆಯಿಲ್) ಸವರಿ. ಎರಕದ ಕಬ್ಬಿಣ, ಕಾಫಿ ಕುಡಿದು ಬರುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.

ಪಿಸ್ಟನ್ ಹಾಕುವ ಮುಂಚೆ

ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ರಾಡು) ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಬಹುದು. ಮೇಲೆ ಕೆಳಗೆ ಟಕ್ ಅಂದರೆ ಕ್ರ್ಯಾಂಕ್ ಕೆಲಸ ಮೊದಲು. ಇಲ್ಲದಿದ್ದರೆ ಹೊಸ ಬೋರಿನ ದುಡ್ಡು ನೀರಿಗೆ ಹಾಕಿದ ಹಾಗೆ.

ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಖಾಲಿ ಬೋರಿನೊಳಗೆ ಇಳಿಸಿ. ಪಿಸ್ಟನ್ ತಲೆಯಿಂದ ತಳ್ಳಿ ನೆಟ್ಟಗೆ ಕೂರಿಸಿ, ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ಹಾಕಿ. ಈ ಸೈಜಿನ ಬೋರಿಗೆ 0.20 ಮಿ.ಮೀ. ಆಸುಪಾಸು ಇರಲಿ. ಸಂದಿಯೇ ಇಲ್ಲದಿದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ಒತ್ತಿ ಜಾಮ್ ಆಗುತ್ತದೆ.

ಕ್ರ್ಯಾಂಕ್‌ಕೇಸ್ ಬಾಯಿಗೆ ದಾರ ಬಿಡದ ಶುಭ್ರ ಬಟ್ಟೆ ತುರುಕಿ. ಲಾಕ್ ಜಾರಿ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ, ಅಂದರೆ ಗಾಡಿಯ ಮುಂದಕ್ಕೆ. ನೀಡಲ್ ಬೇರಿಂಗ್‌ಗೆ ಆಯಿಲ್ ಹಾಕಿ, ಗಜನ್ ಪಿನ್ (ಪಿಸ್ಟನ್ನನ್ನು ಕಾನ್‌ರಾಡಿಗೆ ಸೇರಿಸುವ ಪಿನ್) ಕೈಯಲ್ಲೇ ತಳ್ಳಿ. ಸುತ್ತಿಗೆ ಮುಟ್ಟಬೇಡಿ, ಕಾನ್‌ರಾಡ್ ಬಾಗುತ್ತದೆ. ಲಾಕ್ ಎರಡೂ ಹೊಸದೇ ಆಗಬೇಕು. ಹಳೆಯ ಲಾಕ್ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ. ಲಾಕಿನ ಬಾಯಿ ನೇರ ಕೆಳಗೆ ಅಥವಾ ನೇರ ಮೇಲೆ ಇರಲಿ, ಪಿಸ್ಟನ್‌ನ ಪಕ್ಕದ ಕಚ್ಚಿನ ಎದುರಿಗೆ ಬರಬಾರದು. ಕೂತ ಮೇಲೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ತಿರುಗಿಸಿ ನೋಡಿ, ತೋಡಿನೊಳಗೆ ಪೂರ್ತಿ ಕೂತಿದೆಯೇ ಅಂತ.

ಬ್ಲಾಕ್ ಇಳಿಸುವ ಎರಡು ನಿಮಿಷ

ಎರಡು ಸ್ಟ್ರೋಕ್ ಪಿಸ್ಟನ್‌ನ ಪ್ರತಿ ರಿಂಗ್ ಕೂರುವ ತೋಡಿನಲ್ಲೂ ಒಂದು ಸಣ್ಣ ಪಿನ್ ಇರುತ್ತದೆ. ರಿಂಗ್ ತಿರುಗದಂತೆ ಅದು ಹಿಡಿಯುತ್ತದೆ. ರಿಂಗಿನ ತುದಿಗಳು ಯಾವತ್ತೂ ಕಿಟಕಿಯ ಎದುರು ಬರಬಾರದು, ಅದಕ್ಕೇ ಈ ಏರ್ಪಾಟು. ಪಿಸ್ಟನ್ ತಿರುಗುಮುರುಗಾಗಿ ಹಾಕಿದರೆ ಪಿನ್ ಕಿಟಕಿಯ ಎದುರು ಬರುತ್ತದೆ, ಮೊದಲ ಕಿಕ್‌ಗೇ ರಿಂಗ್ ಸಿಕ್ಕಿಕೊಳ್ಳಬಹುದು.

ರಿಂಗಿನ ಗುರುತಿರುವ ಮುಖ ಮೇಲಕ್ಕೆ. ಮೇಲಿನದು ಕೆಳಗಿನದು ಅದಲುಬದಲು ಮಾಡಬೇಡಿ. ಹೆಬ್ಬೆರಳಲ್ಲಿ ಬೇಕಾದಷ್ಟೇ ಅಗಲಿಸಿ ಇಳಿಸಿ. ತಿರುಚಿಕೊಂಡ ರಿಂಗ್ ಇನ್ನು ಕೆಲಸಕ್ಕೆ ಬಾರದು.

ಈಗ ಅಡಿಯ ಪ್ಯಾಕಿಂಗ್ ಹಾಕಿ. ಒಣದ್ದೇ ಹಾಕಿ. ಪೇಸ್ಟ್ ಬಳಿಯುವ ಅಭ್ಯಾಸ ಬೇಡ. ಹೆಚ್ಚಾದ ಪೇಸ್ಟ್ ಒಳಕ್ಕೆ ಹಿಂಡಿಕೊಂಡು ಬಂದು, ಚೂರಾಗಿ ಬೇರಿಂಗ್ ಸೇರುತ್ತದೆ. ಮೇಲ್ಮೈ ಚೊಕ್ಕಟವಾಗಿ ಕೆರೆದಿದ್ದರೆ ಒಳ್ಳೆಯ ಪ್ಯಾಕಿಂಗ್ ತಾನೇ ಹಿಡಿಯುತ್ತದೆ.

ಪಿಸ್ಟನ್ ಅಲುಗಾಡದಂತೆ ಕಾನ್‌ರಾಡಿನ ಎರಡೂ ಪಕ್ಕ ಒಂದೊಂದು ಮರದ ಪಟ್ಟಿ ಇಟ್ಟು, ಪಿಸ್ಟನ್ನನ್ನು ಅದರ ಮೇಲೆ ಕೂರಿಸಿ. ಪಿಸ್ಟನ್, ಬೋರ್ ಎರಡಕ್ಕೂ ಆಯಿಲ್ ಹಚ್ಚಿ. ರಿಂಗಿನ ಎರಡು ತುದಿಗಳು ಪಿನ್ನಿನ ಎಡಬಲಕ್ಕೆ ಕೂತಿವೆಯೇ ಅಂತ ಟಾರ್ಚ್ ಹಾಕಿ ನೋಡಿ. ನೋಡಿದ ಮೇಲೆ ಇನ್ನೊಂದು ಸಲ ನೋಡಿ. ಒಂದು ಕೈಯಲ್ಲಿ ರಿಂಗ್ ಒತ್ತಿ ಹಿಡಿದು, ಇನ್ನೊಂದರಲ್ಲಿ ಬ್ಲಾಕ್ ನೇರವಾಗಿ ಇಳಿಸಿ. ಬ್ಲಾಕ್ ತೂಕಕ್ಕೇ ಇಳಿಯಬೇಕು. ನಿಂತರೆ ಒತ್ತಬೇಡಿ, ತಟ್ಟಬೇಡಿ. ಮೇಲೆತ್ತಿ, ರಿಂಗ್ ನೋಡಿ, ಮತ್ತೆ ಇಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲಾಕನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ತಿರುಗಿಸಿ ಇಳಿಸಬೇಡಿ. ಹಾಗೆ ಬ್ಲಾಕ್ ತಿರುಚಿದಾಗಲೇ ರಿಂಗಿನ ತುದಿ ಕಿಟಕಿಗೆ ಹೊಕ್ಕು ಪಟ್ ಅನ್ನುವುದು. ಆ ಸದ್ದು ಕೇಳದೆಯೂ ಮುರಿಯಬಹುದು.

ಎರಡೂ ರಿಂಗ್ ಒಳಗೆ ಹೋದ ಮೇಲೆ ಪಟ್ಟಿ, ಬಟ್ಟೆ ತೆಗೆದು ಬ್ಲಾಕ್ ಪೂರ್ತಿ ಕೂರಿಸಿ. ಸೈಲೆನ್ಸರ್ ಇನ್ನೂ ಹಾಕಬೇಡಿ. ಕಿಕ್ಕರನ್ನು ಕೈಯಲ್ಲಿ ನಿಧಾನ ಒತ್ತುತ್ತಾ ರಿಂಗ್‌ಗಳು ಸೈಲೆನ್ಸರ್ ಪೋರ್ಟಿನ ಎದುರು ಬಂದಾಗ ಒಂದು ಊದಿನಕಡ್ಡಿಯ ಹಿಂತುದಿಯಿಂದ ಮೆಲ್ಲಗೆ ಒತ್ತಿ. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಹೊರಗೆ ಬಂದರೆ ರಿಂಗ್ ಸುರಕ್ಷಿತ.

ಹೆಡ್‌ಗೆ ಹೊಸ ಪ್ಯಾಕಿಂಗ್. ನಟ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಆಯಿಲ್ ಪಂಪು ಮತ್ತು ಗಾಳಿ

ಆಯಿಲ್ ಪೈಪ್ ಬಿಚ್ಚಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಪಂಪಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆಯಿಲ್ಲದ ಆಯಿಲ್ ಬರುವವರೆಗೂ ಬಿಡಿ. ಇದನ್ನು ಮರೆತು ಹೊಸ ಬೋರ್ ಸುಟ್ಟುಕೊಂಡವರು ನನಗೆ ಗೊತ್ತಿರುವವರಲ್ಲೇ ಮೂರು ಜನ. ಆ ಭಯಕ್ಕೆ ಮೊದಲ ಟ್ಯಾಂಕಿಗೆ ಪಂಪ್ ಸರಿಯಿದ್ದರೂ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂಟಿ ಆಯಿಲ್ ಬೆರೆಸಿಯೇ ಹಾಕುತ್ತೇನೆ. ಹೊಗೆ ಜಾಸ್ತಿ ಬರುತ್ತದೆ, ಬರಲಿ.

ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಎಕ್ಸಲೇಟರ್ ಬಿಟ್ಟರೂ ಎಂಜಿನ್ ಜೋರಾಗಿಯೇ ಕೂಗುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಬಿಸಿ ಏರುತ್ತದೆ, ಸೀಜ್ ಆಗುತ್ತದೆ. ಅಡಿ ಪ್ಯಾಕಿಂಗ್ ಅಂಚಿಗೆ, ಕಾರ್ಬೊರೇಟರ್ ರಬ್ಬರಿನ ಸುತ್ತ ನಾಲ್ಕು ಹನಿ ಆಯಿಲ್ ಹಚ್ಚಿ. ಎಲ್ಲಿ ಹಚ್ಚಿದಾಗ ಸೌಂಡ್ ಬದಲಾಗುತ್ತದೋ ಅಲ್ಲೇ ಲೀಕ್. ಮೂವತ್ತು ವರ್ಷದ ರಬ್ಬರ್ ಸೀಳಿರುವುದೇ ಜಾಸ್ತಿ. ಸುಮ್ನೆ ಹೊಸದು ಹಾಕಿಬಿಡಿ.

ಮೊದಲ 500 ಕಿಲೋಮೀಟರ್

ಐದು ನಿಮಿಷ ನಡೆಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಮೂರು ಸಲ. ತಣ್ಣಗಿರುವಾಗ ಹೆಡ್ ನಟ್ ಇನ್ನೊಮ್ಮೆ ಬಿಗಿ ನೋಡಿ. ಆಮೇಲೆ ರಸ್ತೆಗೆ. 500 ಕಿಲೋಮೀಟರ್ ಆಗುವವರೆಗೂ ಎಕ್ಸಲೇಟರ್ ಅರ್ಧಕ್ಕಿಂತ ಜಾಸ್ತಿ ಬೇಡ. ಒಂದೇ ಸ್ಪೀಡಿನಲ್ಲಿ ಹೈವೇ ಓಡಿಸಬೇಡಿ. ಹಿಂದೆ ಜನ, ಮೂಟೆ ಬೇಡ. ದೇವರಾಯನದುರ್ಗದ ಬೆಟ್ಟ ಹತ್ತಿಸುವ ಆಸೆ ಇದ್ದೇ ಇರುತ್ತದೆ, ತಡೆದುಕೊಳ್ಳಿ.

ಆಮೇಲೂ ಆ ಬೆಟ್ಟ ಇಳಿಯುವಾಗ ಒಂದು ವಿಷಯ ಗಮನದಲ್ಲಿಡಿ. ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಆಯಿಲ್ ಮಾತ್ರ ಸ್ವಲ್ಪವೇ ಬರುತ್ತದೆ. ಪಂಪನ್ನು ತಿರುಗಿಸುವುದು ಎಂಜಿನ್ನೇ, ಆದರೆ ಅದು ಎಷ್ಟು ಆಯಿಲ್ ಕೊಡಬೇಕು ಅನ್ನುವುದು ಎಕ್ಸಲೇಟರ್ ಕೇಬಲಿನ ಕೈಯಲ್ಲಿದೆ. ನಡುನಡುವೆ ಎಕ್ಸಲೇಟರನ್ನು ಒಂದೆರಡು ಸಲ ತಿರುವಿ ಬಿಡಿ.

500 ಆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ. ಸುಣ್ಣದ ಹಾಗೆ ಬಿಳಿಯಾಗಿದ್ದರೆ ಅಂದೇ ಗಾಡಿ ನಿಲ್ಲಿಸಿ, ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಒಂದು ನಂಬರ್ ದೊಡ್ಡದು ಹಾಕಿ, ಗಾಳಿ ಲೀಕ್ ಮತ್ತೊಮ್ಮೆ ಹುಡುಕಿ. ಈಗ ಬಂಕ್‌ಗಳಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲ್. ಅದರಲ್ಲಿ ಹಳೆಯ ಜೆಟ್ ಇದ್ದರೆ ಎಂಜಿನ್ ಮೊದಲಿಗಿಂತ ತೆಳುವಾಗಿ, ಅಂದರೆ ಗಾಳಿ ಜಾಸ್ತಿಯಾಗಿ ಉರಿಯುತ್ತದೆ. ಹಾಗಾಗಿ ಹೊಸ ಬೋರ್ ಹಾಕಿದ ಗಾಡಿಯ ಪ್ಲಗ್ಗನ್ನು ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಿರಿ.