ಒಂದೇ ಕಂಪ್ಯೂಟರ್, ಇಬ್ಬರಿಗೂ ಒಟ್ಟಿಗೆ

ಅಕ್ಕನಿಗೆ ಆನ್‌ಲೈನ್ ಕ್ಲಾಸ್. ಅದೇ ಹೊತ್ತಿಗೆ ತಮ್ಮನಿಗೆ ಪ್ರಾಜೆಕ್ಟ್ ಟೈಪ್ ಮಾಡಬೇಕು. ಮನೆಯಲ್ಲಿರುವುದು ಒಂದೇ ಡೆಸ್ಕ್‌ಟಾಪ್. ಅದರಲ್ಲಿ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇದ್ದರೆ ಇನ್ನೊಂದು ಕೊಳ್ಳಬೇಕಿಲ್ಲ. ಎರಡು ಮಾನಿಟರ್, ಎರಡು ಕೀಬೋರ್ಡ್, ಎರಡು ಮೌಸ್ ಜೋಡಿಸಿದರೆ ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮಾಡಬಹುದು. ಇದಕ್ಕೆ ಮಲ್ಟಿಸೀಟ್ ಎನ್ನುತ್ತಾರೆ.

ಜಾಸ್ತಿ ಜನ ಎಡವುವುದು ಗ್ರಾಫಿಕ್ಸ್‌ನಲ್ಲಿ, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗದಲ್ಲಿ. ಒಂದೇ ಕಾರ್ಡ್‌ಗೆ ಎರಡು ಪೋರ್ಟ್ ಇದ್ದರೆ ಸಾಲದು, ಒಬ್ಬೊಬ್ಬರಿಗೂ ಬೇರೆ ಬೇರೆ ಗ್ರಾಫಿಕ್ಸ್ ಬೇಕು. ಪ್ರೊಸೆಸರ್ ಒಳಗೇ ಇರುವುದು ಒಬ್ಬರಿಗೆ, ಹೆಚ್ಚುವರಿ ಕಾರ್ಡ್ ಇನ್ನೊಬ್ಬರಿಗೆ. ಪಾಠ, ಟೈಪಿಂಗ್‌ಗೆ ಸೆಕೆಂಡ್ ಹ್ಯಾಂಡ್ ಕಾರ್ಡ್ ಧಾರಾಳವಾಯಿತು. ಆದರೆ ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ಹೇಳದೆ ಕೇಳದೆ ಆಫ್ ಮಾಡಿಬಿಡುತ್ತವೆ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಹೋಗಿ ಅದನ್ನು ಮತ್ತೆ ಆನ್ ಮಾಡಿ. ಕೆಲವದರಲ್ಲಿ ಆ ಆಯ್ಕೆಯ ಹೆಸರು ‘ಐಜಿಪಿಯು ಮಲ್ಟಿ-ಮಾನಿಟರ್’.

ಎರಡನೆಯವರ ಕೀಬೋರ್ಡ್, ಮೌಸ್, ಯುಎಸ್‌ಬಿ ಹೆಡ್‌ಫೋನ್ ಎಲ್ಲವನ್ನೂ ಒಂದು ಯುಎಸ್‌ಬಿ ಹಬ್‌ಗೆ ಚುಚ್ಚಿ. ಆಗ ಹಬ್ ಒಂದನ್ನೇ ಅವರ ಹೆಸರಿಗೆ ಬರೆದರೆ ಸಾಕು, ಅದಕ್ಕೆ ಚುಚ್ಚಿದ್ದೆಲ್ಲ ಅವರದೇ.

ಈಗ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಕಮಾಂಡ್‌ಗಳನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಸೀಟ್0 ಎಂದರೆ ಮೊದಲನೆಯವರ ಜಾಗ, ಸೀಟ್1 ಎರಡನೆಯವರದು. ‘ಲಾಗಿನ್‌ಸಿಟಿಎಲ್ ಸೀಟ್-ಸ್ಟೇಟಸ್ ಸೀಟ್0’ (loginctl seat-status seat0) ಎಂದು ಕೊಟ್ಟರೆ ಜೋಡಿಸಿರುವ ಸಾಧನಗಳ ಉದ್ದದ ಪಟ್ಟಿ ಬರುತ್ತದೆ. ನೋಡಿ ಗಾಬರಿಯಾಗಬೇಡಿ. ‘ಮಾಸ್ಟರ್’ (MASTER) ಎಂಬ ಗುರುತಿರುವ ಸಾಲುಗಳಲ್ಲಿ ಗ್ರಾಫಿಕ್ಸ್ ಇರುತ್ತದೆ. ಎರಡನೆಯವರಿಗೆ ಕೊಡಬೇಕಾದ ಕಾರ್ಡ್‌ನ ಪೂರ್ತಿ ವಿಳಾಸ (‘/sys’ ಎಂದು ಶುರುವಾಗುವುದು) ಕಾಪಿ ಮಾಡಿ, ‘ಸುಡೋ ಲಾಗಿನ್‌ಸಿಟಿಎಲ್ ಅಟ್ಯಾಚ್ ಸೀಟ್1’ (sudo loginctl attach seat1) ಎಂದು ಬರೆದು, ಮುಂದೆ ಆ ವಿಳಾಸ ಅಂಟಿಸಿ ಎಂಟರ್ ಒತ್ತಿ. ಹಬ್‌ಗೂ ಇದೇ ರೀತಿ. ಹಬ್ ಯಾವುದೆಂದು ಗೊತ್ತಾಗದಿದ್ದರೆ ಅದನ್ನು ಕಿತ್ತು ಪಟ್ಟಿ ನೋಡಿ, ಹಾಕಿ ಮತ್ತೆ ನೋಡಿ. ಹೊಸದಾಗಿ ಕಾಣಿಸಿದ್ದೇ ಅದು, ಅಲ್ವಾ?

ರೀಸ್ಟಾರ್ಟ್ ಮಾಡಿದಾಗ ಎರಡು ಪರದೆಯಲ್ಲೂ ಲಾಗಿನ್ ಕಾಣಬೇಕು. ಎಲ್ಲ ಕಲಸಿಹೋದರೆ ‘ಸುಡೋ ಲಾಗಿನ್‌ಸಿಟಿಎಲ್ ಫ್ಲಶ್-ಡಿವೈಸಸ್’ (sudo loginctl flush-devices) ಕೊಡಿ, ಮೊದಲಿದ್ದ ಹಾಗೇ ಆಗುತ್ತದೆ. ಇಬ್ಬರಿಗೂ ಬೇರೆ ಬೇರೆ ಯೂಸರ್ ಖಾತೆ ಇರಲಿ.

ರ‍್ಯಾಮ್ 8 ಜಿಬಿ ಇದ್ದರೆ ತಳ್ಳಬಹುದು. ಇಬ್ಬರೂ ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆಯುವವರಾದರೆ 16 ಹಾಕಿಸಿ.

ಮಾಮೂಲಿ ವಿಂಡೋಸ್ 10, 11ರಲ್ಲಿ ಇಂಥ ಸೌಲಭ್ಯವಿಲ್ಲ. ‘ಆಸ್ಟರ್’ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು, ಅದಕ್ಕೆ ದುಡ್ಡು ಕೊಡಬೇಕು.

ಇನ್ನೊಂದು ವಿಷಯ: ಒಬ್ಬರು ಕೆಲಸ ಮಾಡುತ್ತಿರುವಾಗ ಇನ್ನೊಬ್ಬರು ಶಟ್‌ಡೌನ್ ಒತ್ತಿದರೆ ಲಿನಕ್ಸ್ ಸಾಮಾನ್ಯವಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಆ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ, ಅಕ್ಕ, ತಮ್ಮ ಇಬ್ಬರಿಗೂ ಹೇಳಬೇಡಿ.